ಆರೂವರೆ ಗಂಟೆಯ ಟಿಪ್ಪಣಿ

ಬಸವೇಶ್ವರನಗರ
ಭಾನುವಾರ, 9 ನವೆಂಬರ್ 2025

ಚಿ. ತನ್ಮಯಿಗೆ,

ಅಕ್ಟೋಬರ್ ಮೂವತ್ತೊಂದು, ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ನಿನ್ನ ಆಸ್ಪತ್ರೆಯ ವಿಚಾರಣಾ ಸಮಿತಿ ನಿನ್ನ ಮುಂದೆ ಒಂದು ಹಾಳೆ ಇಟ್ಟು ರುಜು ಮಾಡು ಎಂದಿತು. ‘ಹಬ್ಬದ ರಜೆ ಮುಗಿಸಿ ಬಂದ ಮೇಲೆ ನನಗುಂಟಾದ ಮಾನಸಿಕ ಮಂಕಿನಿಂದಾಗಿ ರೋಗಿಯನ್ನು ನೋಡದೆಯೇ ಟಿಪ್ಪಣಿ ಬರೆದಿದ್ದೇನೆ. ಇದು ನನ್ನ ವೈಯಕ್ತಿಕ ದೌರ್ಬಲ್ಯ. ಇದಕ್ಕೆ ಬೇರೆ ಯಾರೂ ಹೊಣೆಯಲ್ಲ.’ ಮೂರು ವಾಕ್ಯ. ಇಪ್ಪತ್ತೊಂಬತ್ತು ವರ್ಷ ಕಾರ್ಖಾನೆಗಳ ಕಾಗದಪತ್ರ ಓದಿ ಕಣ್ಣು ಹಾಳು ಮಾಡಿಕೊಂಡವನು ಹೇಳುತ್ತೇನೆ, ಮೊದಲ ಎರಡು ವಾಕ್ಯ ಹುಟ್ಟಿದ್ದೇ ಮೂರನೆಯದರ ಸಲುವಾಗಿ.

ನೋಡು, ಹೇಗಿದ್ದೀಯ ಎಂದು ಕೇಳುವ ಮೊದಲೇ ಜಗಳಕ್ಕೆ ನಿಂತುಬಿಟ್ಟೆ. ಹೇಗಿದ್ದೀಯ ಮಗಳೇ? ಊಟ ಮಾಡುತ್ತಿದ್ದೀಯಾ? ನಿನ್ನಮ್ಮ ಬೆಳಿಗ್ಗೆಯಿಂದ ಮೂರು ಸಲ ಈ ಮೇಜಿನ ಹತ್ತಿರ ಬಂದು ಹೋದಳು. “ಅವಳಿಗೆ ಉಪದೇಶ ಬರೀಬೇಡಿ, ಊಟ ಆಯ್ತಾ ಅಂತ ಕೇಳಿ ಸಾಕು” ಎಂದಳು. ಕೇಳಿದ್ದೇನೆ. ಇನ್ನು ನನ್ನ ಪಾಡಿಗೆ ನನ್ನನ್ನು ಬಿಡಲಿ.

ಈ ಪತ್ರ ಒಂದು ವಾರ ಮೊದಲೇ ನಿನ್ನ ಕೈ ಸೇರಬೇಕಿತ್ತು. ತಡವಾಗಿದ್ದಕ್ಕೆ ಕ್ಷಮಿಸು. ನಾಲ್ಕು ಸಲ ಬರೆದು ಹರಿದೆ. ಮೊದಲನೆಯದನ್ನು ‘ಮಾನ್ಯರೇ’ ಎಂದು ಆರಂಭಿಸಿದ್ದೆ. ಮೋರಿ, ಪಾದಚಾರಿ ಮಾರ್ಗ, ಬೀದಿದೀಪ ಎಂದು ಪತ್ರಿಕೆಗಳಿಗೆ ಬರೆದೂ ಬರೆದೂ ಕೈ ಹಾಗೆ ಬಿದ್ದುಹೋಗಿದೆ. ಸ್ವಂತ ಮಗಳಿಗೆ ಬರೆಯುವುದು ಹೇಗೆಂದು ಕೈಗೆ ಗೊತ್ತಿರಲಿಲ್ಲ. ನಿನ್ನ ಫೋನು ಆಫ್ ಆಗಿ ಒಂಬತ್ತು ದಿನ. ನಾಗರಬಾವಿಯ ಆ ರೂಮಿಗೆ ಬರಬೇಡಿ ಎಂದು ರಾಗಿಣಿಯ ಕೈಲಿ ಹೇಳಿಸಿದೆ. ಬರಲಿಲ್ಲ. ಅವಳೇ ಇದನ್ನು ತಂದು ಕೊಡುತ್ತಾಳೆ. ನಿನ್ನ ಜೊತೆ ಓದುವ ಆ ಹುಡುಗಿ ತನ್ನ ಡ್ಯೂಟಿಯ ನಡುವೆ ನಿನಗೆ ಅಡುಗೆ ಮಾಡಿಟ್ಟು ಹೋಗುತ್ತಿದ್ದಾಳೆ ಎಂದು ಕೇಳಿ ನಿನ್ನಮ್ಮ ಸೀತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಇಲ್ಲಿಯ ಸುದ್ದಿ ಹೆಚ್ಚೇನಿಲ್ಲ. ಪಕ್ಕದ ಮನೆ ಕಲ್ಯಾಣಮ್ಮನವರ ಗೇಟಿನ ಮುಂದೆ ಅಗೆದ ಗುಂಡಿ ಇನ್ನೂ ಹಾಗೇ ಇದೆ. ಅವರು ದಿನಾ ಕಾಂಪೌಂಡಿನ ಮೇಲಿಂದ, “ನಾಣಿಯವರೇ, ಪೇಪರಿಗೆ ಬರೀತೀನಿ ಅಂದ್ರಲ್ಲ, ಏನಾಯ್ತು?” ಎನ್ನುತ್ತಾರೆ. ಬರೆಯುತ್ತಿಲ್ಲ. ಹದಿನೈದು ದಿನದಿಂದ ಯಾವ ಪೇಪರಿಗೂ ಏನನ್ನೂ ಬರೆದಿಲ್ಲ.

ನಡೆದದ್ದನ್ನು ನನಗೆ ತಿಳಿದ ಹಾಗೆ ತಾರೀಖಿನ ಪ್ರಕಾರ ಬರೆಯುತ್ತೇನೆ. ನನಗೆ ಗೊತ್ತಿರುವುದನ್ನೇ ಅಪ್ಪ ನನಗೆ ಹೇಳುತ್ತಾನೆ ಎನ್ನಬೇಡ. ನೀನು ಒಳಗಿದ್ದು ಕಂಡೆ. ಹೊರಗೆ ನಿಂತವನಿಗೆ ಅದು ಹೇಗೆ ಕಾಣುತ್ತದೆ ಎನ್ನುವುದು ಹದಿನೇಳನೇ ತಾರೀಖು ಆ ಹಾಳೆಗೆ ಉತ್ತರ ಹೇಳಲು ನೀನು ಮತ್ತೆ ಸಮಿತಿಯ ಮುಂದೆ ನಿಂತಾಗ ಕೆಲಸಕ್ಕೆ ಬರಬಹುದು. ತಪ್ಪಿದ್ದಲ್ಲಿ ತಿದ್ದು.

ಹದಿಮೂರು ತಿಂಗಳ ಮೇಲೆ ನಿನಗೆ ಸಿಕ್ಕಿದ್ದು ಐದು ದಿನ ರಜೆ, ಅಕ್ಟೋಬರ್ ಹದಿನೆಂಟರಿಂದ ಇಪ್ಪತ್ತೆರಡರವರೆಗೆ. ಮೊದಲ ಎರಡು ದಿನ ನೀನು ಬರೀ ಮಲಗಿದೆ. ನರಕ ಚತುರ್ದಶಿಯ ದಿನ ಎಣ್ಣೆ ಹಚ್ಚಿಸಿಕೊಳ್ಳಲು ಕೂತವಳು ಮಣೆಯ ಮೇಲೇ ನಿದ್ದೆ ಹೋದೆ. ಸೀತಾ ನಿನ್ನ ತಲೆಯನ್ನು ತನ್ನ ಹೊಟ್ಟೆಗೆ ಒರಗಿಸಿಕೊಂಡು, ನೀರು ಆರಿಹೋಗುವವರೆಗೂ ಅಲ್ಲಾಡದೆ ನಿಂತಿದ್ದಳು. ಅಮಾವಾಸ್ಯೆಯ ದಿನ ನಕ್ಕೆ, ಎರಡನೇ ಸಲ ಹೋಳಿಗೆ ಹಾಕಿಸಿಕೊಂಡೆ. ಬುಧವಾರ ಬಲಿಪಾಡ್ಯಮಿ. ಆ ದಿನ ಮಧ್ಯಾಹ್ನದಿಂದ ನಿನ್ನ ಮುಖ ಬದಲಾಯಿತು. ಬಿಳಿ ಕೋಟನ್ನು ಮಡಿಸಿದೆ, ಬಿಚ್ಚಿದೆ, ಮತ್ತೆ ಮಡಿಸಿದೆ. ಮಹಡಿಯ ಮೆಟ್ಟಿಲ ಮೇಲೆ ಕೂತು ಗಡಿಯಾರ ನೋಡುತ್ತಿದ್ದೆ. ಕಲ್ಯಾಣಮ್ಮ, “ಏನೇ ಡಾಕ್ಟ್ರಮ್ಮ, ಸ್ಕೂಲಿಗೆ ಹೋಗಲ್ಲ ಅನ್ನೋ ಮಗು ಥರ ಕೂತಿದೀಯಲ್ಲೇ” ಎಂದು ರೇಗಿಸಿದರು. ನೀನು ನಗಲಿಲ್ಲ. ಸಂಜೆ ನನ್ನ ಕೋಣೆಗೆ ಬಂದೆ. ಸ್ವಲ್ಪ ಹೊತ್ತು ಮಾತಾಡಿದೆವು. ಆ ವಿಷಯ ಆಮೇಲೆ.

ಗುರುವಾರ ಬೆಳಿಗ್ಗೆ ಆರು ಗಂಟೆಗೆ ನಾನೇ ನಿನ್ನನ್ನು ಸ್ಕೂಟರಿನಲ್ಲಿ ವಿಜಯನಗರದ ಮೆಟ್ರೊ ಸ್ಟೇಷನ್ನಿಗೆ ಬಿಟ್ಟೆ. ಸೀತಾ ಕೊಟ್ಟ ಕೋಡುಬಳೆ ಡಬ್ಬಿ ನಿನ್ನ ಮಡಿಲಲ್ಲಿತ್ತು. ಎಸ್ಕಲೇಟರ್ ಹತ್ತಿದ ಮೇಲೆ ನೀನು ತಿರುಗಿ ನೋಡಲಿಲ್ಲ. ಕೆಲಸದ ಆತುರ ಎಂದುಕೊಂಡು ನಾನು ಹೆಮ್ಮೆಯಿಂದ ಮನೆಗೆ ಬಂದು ಪೇಪರು ಓದಿದೆ.

ಇನ್ನು ಮುಂದಿನದು ರಾಗಿಣಿ ಹೇಳಿದ್ದು, ನಿನ್ನ ವಾರ್ಡಿನ ಸಿಸ್ಟರ್ ನೀಲಗಂಗಮ್ಮ ಹೇಳಿದ್ದು. ಅವರು ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಮೆಟ್ರೊ ಸ್ಟೇಷನ್ನಿನ ಕೆಳಗೆ ನನಗಾಗಿ ಅರ್ಧ ಗಂಟೆ ನಿಂತು ಮಾತಾಡಿದರು. ನೌಕರಿಯ ಭಯ ಅವರಿಗೂ ಇದೆ, ಆದರೂ ನಿಂತರು.

ರಜೆ ತೀರಿಸುವುದು ಎಂಬ ಪದ್ಧತಿ ನಿಮ್ಮಲ್ಲಿದೆಯಂತೆ. ರಜೆಗೆ ಹೋದ ಪಿ.ಜಿ. ವಿದ್ಯಾರ್ಥಿ ಹಿಂದಿರುಗಿದ ಕೂಡಲೇ, ತನ್ನ ಬದಲು ದುಡಿದವರ ಡ್ಯೂಟಿಗಳನ್ನೆಲ್ಲ ಒಂದರ ಹಿಂದೆ ಒಂದು ಮಾಡಿ ಮುಗಿಸಬೇಕು. ಯಾವ ಪುಸ್ತಕದಲ್ಲೂ ಬರೆದಿಲ್ಲ, ಯಾರೂ ರುಜು ಹಾಕಿಲ್ಲ. ಆದರೆ ಡ್ಯೂಟಿ ಪಟ್ಟಿ ಮಾತ್ರ ಅದರ ಪ್ರಕಾರವೇ ತಯಾರಾಗುತ್ತದೆ, ಅದರ ಕೆಳಗೆ ನಿನ್ನ ಯೂನಿಟ್ಟಿನ ಮುಖ್ಯಸ್ಥ ಡಾ. ಶಶಿಕುಮಾರರ ರುಜು ಬೀಳುತ್ತದೆ. ಗುರುವಾರ ಬೆಳಿಗ್ಗೆ ಏಳಕ್ಕೆ ಒಳಗೆ ಹೋದ ನೀನು ಸೋಮವಾರ ಬೆಳಿಗ್ಗೆ ಏಳರವರೆಗೆ ಆ ಕಟ್ಟಡ ಬಿಟ್ಟು ಬರಲಿಲ್ಲ. ತೊಂಬತ್ತಾರು ಗಂಟೆ. ನಾನು ತಪಾಸಣೆಗೆ ಹೋಗುತ್ತಿದ್ದ ಯಾವ ಕಾರ್ಖಾನೆಯ ಮಾಲೀಕನೂ ಇದರ ಅರ್ಧದಷ್ಟು ಗಂಟೆಗಳನ್ನು ನನಗೆ ತೋರಿಸುವ ಧೈರ್ಯ ಮಾಡುತ್ತಿರಲಿಲ್ಲ. ಸುಳ್ಳು ಪುಸ್ತಕವನ್ನಾದರೂ ಇಡುತ್ತಿದ್ದ. ನಿಮ್ಮಂಥ ವೈದ್ಯರ ದುಡಿಮೆಗೂ ಮಿತಿ ಹಾಕಿದ ಆದೇಶ ಈ ದೇಶದಲ್ಲಿ 1992ರಿಂದ ಇದೆ. ಆಗ ನೀನು ಹುಟ್ಟಿರಲಿಲ್ಲ. ನಾನು ಅದನ್ನು ಅಂದೇ ಪೇಪರಿನಲ್ಲಿ ಓದಿ ಸಂತೋಷಪಟ್ಟಿದ್ದೆ. ಓದಿ ಸಂತೋಷಪಡುವುದೇ ನನ್ನ ಕೆಲಸ.

ಗುರುವಾರದ ರೌಂಡ್ಸಿನಲ್ಲಿ ನಿನ್ನ ಮುಖ ನೋಡಿ ಶಶಿಕುಮಾರರು ರೋಗಿಗಳೆಲ್ಲ ಕೇಳುವ ಹಾಗೆ, “ಏನಮ್ಮ, ಹಾಲಿಡೇ ಬ್ಲೂಸಾ? ನಮ್ ಕಾಲದಲ್ಲಿ ಹಾಲಿಡೇನೇ ಇರ್ಲಿಲ್ಲ, ಬ್ಲೂಸ್ ಎಲ್ಲಿಂದ ಬರ್ಬೇಕು?” ಎಂದರಂತೆ. ಎಲ್ಲರೂ ನಕ್ಕರಂತೆ. ನೀನೂ ನಕ್ಕೆಯಂತೆ. ಶುಕ್ರವಾರ ಡ್ರೆಸ್ಸಿಂಗ್ ರೂಮಿನ ಬಾಗಿಲು ಹಾಕಿಕೊಂಡು ಅತ್ತೆ. ಮುಖ ತೊಳೆದು ಬಂದು ರಾಗಿಣಿಗೆ, “ಐದು ದಿನ ರಜಕ್ಕೆ ಐದು ದಿನ ಅಳು ಕಣೇ, ಮಂಗಳವಾರಕ್ಕೆ ಸರಿಹೋಗ್ತೀನಿ” ಎಂದೆ. ರಜೆ ಮುಗಿಸಿ ಬಂದವರು ತಂದ ತಿಂಡಿ ಒಂದು ಗಂಟೆಯಲ್ಲಿ ಖಾಲಿಯಾಗುವುದು ನಿಮ್ಮ ಡ್ಯೂಟಿ ರೂಮಿನ ವಾಡಿಕೆ. ಆದರೆ ಕೋಡುಬಳೆ ಡಬ್ಬಿಯನ್ನು ನೀನು ಯಾರಿಗೂ ಕೊಡಲಿಲ್ಲ, ನೀನೂ ತಿನ್ನಲಿಲ್ಲ. ಬೀರುವಿನಲ್ಲಿ ಕೋಟಿನ ಹಿಂದೆ ಬಚ್ಚಿಟ್ಟಿದ್ದೆ. “ತೆಗೆದ್ರೆ ಹಬ್ಬ ಮುಗಿದುಹೋಗುತ್ತೆ” ಎಂದೆಯಂತೆ. ಅದನ್ನು ನೀಲಗಂಗಮ್ಮ ನನಗೆ ತಂದುಕೊಟ್ಟರು. ಮುಚ್ಚಳ ತೆಗೆಯದೆ ಹಾಗೇ ಇದೆ. ಸೀತಾ ಫ್ರಿಜ್ಜಿನ ಮೇಲೆ ಇಟ್ಟಿದ್ದಾಳೆ. ನಾವೂ ತೆಗೆದಿಲ್ಲ.

ಶನಿವಾರ ಮಧ್ಯಾಹ್ನ ನಿಮಗೆಲ್ಲ ಒಂದು ಉಪನ್ಯಾಸ ಏರ್ಪಡಿಸಿದ್ದರು. ಹಾಜರಿ ಕಡ್ಡಾಯ. ವಿಷಯ, ರಜೆಯ ನಂತರದ ಮಂಕನ್ನು ನಿಭಾಯಿಸುವುದು ಹೇಗೆ. ಅಲ್ಲಿ ಹಂಚಿದ ಹಾಳೆ ಡಬ್ಬಿಯ ಜೊತೆಯಲ್ಲೇ ನನ್ನ ಕೈಗೆ ಬಂತು. ಎಂಟು ಗಂಟೆ ನಿದ್ರೆ ಮಾಡಿ. ಹೆಚ್ಚು ನೀರು ಕುಡಿಯಿರಿ. ಬೆಳಗಿನ ಬಿಸಿಲಿನಲ್ಲಿ ನಡೆಯಿರಿ. ಕೆಲಸಕ್ಕೆ ನಿಧಾನವಾಗಿ ಹೊಂದಿಕೊಳ್ಳಿ, ಮೊದಲ ವಾರ ಹೆಚ್ಚಿನ ಹೊರೆ ಹೊರಬೇಡಿ. ಅದನ್ನು ಬರೆದವರು ಒಳ್ಳೆಯವರೇ ಇರಬೇಕು. ನೀನು ಅಲ್ಲಿ ಗೋಡೆಗೆ ಒರಗಿ ನಲವತ್ತು ನಿಮಿಷ ಮಲಗಿದೆ, ಆ ದಿನದ ನಿದ್ರೆ ಅಷ್ಟೇ ಎಂದಳು ರಾಗಿಣಿ. ಹಾಳೆಯ ಹಿಂಬದಿಯಲ್ಲಿ ನಿನ್ನ ಅಕ್ಷರದಲ್ಲಿ ಮೂವತ್ತೊಂದು ಹಾಸಿಗೆಗಳ ಪಟ್ಟಿ ಇದೆ. ಹದಿನೇಳನೆಯದರ ಮುಂದೆ ‘ಯಶೋದಮ್ಮ, ಸುಧಾರಿಸಿದ್ದಾರೆ, ಇಡ್ಲಿ ತಿಂದರು’ ಎಂದಿದೆ.

ಆ ಹೆಸರನ್ನು ಬರೆಯುವಾಗ ನನ್ನ ಕೈ ನಿಲ್ಲುತ್ತದೆ. ನಿನ್ನದು ಹೇಗಿರಬೇಕು.

ಬೆಳಿಗ್ಗೆ ಏಳೂವರೆಗೆ ಶಶಿಕುಮಾರರು ಬರುವ ಹೊತ್ತಿಗೆ ಮೂವತ್ತೊಂದು ರೋಗಿಗಳ ಕೇಸ್ ಶೀಟಿನಲ್ಲೂ ‘ಬೆಳಿಗ್ಗೆ 6.30’ ಎಂದು ವೇಳೆ ಹಾಕಿದ ಟಿಪ್ಪಣಿ ಇರಬೇಕು. ಒಬ್ಬಳು ಒಂದು ಗಂಟೆಯಲ್ಲಿ ಮೂವತ್ತೊಂದು ಜನರನ್ನು ನೋಡಿ ಬರೆಯಲು ಆಗುವುದಿಲ್ಲ. ಹಾಗಾಗಿ ರಾತ್ರಿ ಸ್ವಲ್ಪ ಬಿಡುವಾದಾಗಲೇ ಎಲ್ಲರ ಬೆಳಗಿನ ಟಿಪ್ಪಣಿ ಬರೆದಿಟ್ಟು, ಬೆಳಿಗ್ಗೆ ಒಂದು ಸುತ್ತು ಹೋಗಿ, ವ್ಯತ್ಯಾಸವಿದ್ದ ಕಡೆ ತಿದ್ದುತ್ತೀರಿ. “ಎಲ್ಲಾರೂ ಹಾಗೇ ಮಾಡೋದು ಅಂಕಲ್, ಸೀನಿಯರ್ಸೇ ಹೇಳಿಕೊಡ್ತಾರೆ” ಎಂದಳು ರಾಗಿಣಿ. ಇದನ್ನು ಅವಳು ತೀರಾ ಸಹಜವಾಗಿ ಹೇಳಿದಳು, ಬಸ್ಸಿನ ನಂಬರು ಹೇಳುವ ಹಾಗೆ.

ಸೋಮವಾರ ನಸುಕಿನಲ್ಲಿ ನಾಲ್ಕು ನಲವತ್ತಕ್ಕೆ ಯಶೋದಮ್ಮನವರಿಗೆ ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಂಡಿತು. ನೀನು ಕೆಳಗೆ ಕ್ಯಾಶುವಾಲ್ಟಿಯಲ್ಲಿ ಫಿಟ್ಸ್ ಬಂದ ಒಬ್ಬನ ಹತ್ತಿರ ಇದ್ದೆ. ನೀಲಗಂಗಮ್ಮ ಫೋನು ಮಾಡಿದರು. ಎಂಟು ನಿಮಿಷದಲ್ಲಿ ಬಂದೆ. ಮೂರು ಮಹಡಿ ಓಡಿ ಹತ್ತಿ ಬಂದೆ, ಒಂದು ಚಪ್ಪಲಿ ಮೆಟ್ಟಿಲ ಮೇಲೇ ಬಿದ್ದಿತ್ತು. ಐದು ಇಪ್ಪತ್ತೈದರವರೆಗೆ ಅವರ ಎದೆ ಒತ್ತುತ್ತಿದ್ದೆ. ಸಾಕು ತಾಯಿ ಎಂದು ಸಿಸ್ಟರೇ ನಿನ್ನ ಕೈ ಹಿಡಿದು ನಿಲ್ಲಿಸಿದರು. ಆಮೇಲೆ ನೀನು ಸ್ಟೂಲಿನ ಮೇಲೆ ಕೂತು ಆ ತಾಯಿಯ ಸೆರಗು ಸರಿ ಮಾಡಿ, ಕೈ ಹಿಡಿದುಕೊಂಡು ಐದು ನಿಮಿಷ ಇದ್ದೆ. ಮತ್ತೆ ಕೆಳಗಿನಿಂದ ಕರೆ ಬಂತು. ಸಾವಿನ ವಿವರವನ್ನು ಬೇರೆ ಹಾಳೆಯಲ್ಲಿ ಬರೆದೆ, ಬೆಳಗಿನ ಸುತ್ತಿಗೆ ಹೊತ್ತಾಗಲೇ ಇಲ್ಲ. ಹದಿನೇಳನೇ ಕೇಸ್ ಶೀಟಿನಲ್ಲಿ ಮೊದಲೇ ಬರೆದಿಟ್ಟ ಪುಟವನ್ನು ಹೊಡೆದು ಹಾಕುವುದು ಮರೆತೆ. ಮಧ್ಯಾಹ್ನ ನೆನಪಾಗುವ ಹೊತ್ತಿಗೆ ಫೈಲು ದಾಖಲೆ ಕೋಣೆಗೆ ಹೋಗಿಯಾಗಿತ್ತಂತೆ.

ಎರಡು ದಿನದ ಮೇಲೆ ಅವರ ಗಂಡ ಮುನಿರಾಮಯ್ಯ ದಾಖಲೆಗಳ ನಕಲು ತೆಗೆದುಕೊಂಡು ಹೋದರು. ಅವರ ತಂಗಿಯ ಮಗಳು ಇಂಗ್ಲಿಷನ್ನು ಓದಿ ಹೇಳಿದಳು. ‘27ನೇ ತಾರೀಖು, ಬೆಳಿಗ್ಗೆ 6.30. ರಾತ್ರಿ ಚೆನ್ನಾಗಿ ನಿದ್ರಿಸಿದ್ದಾರೆ. ಹೊಸ ತೊಂದರೆಯಿಲ್ಲ. ನಾಳೆ ಮನೆಗೆ ಕಳಿಸಬಹುದು.’ ಕೆಳಗೆ ನಿನ್ನ ರುಜು. ಅವರು ಅಂದೇ ಆಸ್ಪತ್ರೆಗೆ ದೂರು ಕೊಟ್ಟರು.

ಮೊನ್ನೆ ಶುಕ್ರವಾರ ನಾನು ಅವರ ಮನೆಗೆ ಹೋಗಿದ್ದೆ. ನಿನ್ನನ್ನು ಕೇಳದೆ ಹೋದೆ, ತಪ್ಪಾಗಿದ್ದರೆ ಬೈಯಿ. ಆರ್‌ಪಿಸಿ ಲೇಔಟಿನಲ್ಲಿ ಎರಡು ಕೋಣೆಯ ಮನೆ. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಯಂತ್ರ ನಡೆಸುತ್ತಿದ್ದವರು, ಈಗ ನಿವೃತ್ತರು. ಬಾಗಿಲಲ್ಲೇ ನಾನು ಯಾರೆಂದು ಹೇಳಿದೆ. ಒಂದು ಕ್ಷಣ ಬಾಗಿಲಿಗೆ ಕೈ ಅಡ್ಡ ಇಟ್ಟುಕೊಂಡು ನಿಂತರು. ಆಮೇಲೆ ಕೈ ತೆಗೆದರು. ಗೋಡೆಯ ಮೇಲೆ ಯಶೋದಮ್ಮನವರ ಫೋಟೊ, ಸೇವಂತಿಗೆ ಹಾರ. ನೀರು ಕೊಟ್ಟರು, ಕಾಫಿ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ.

ಅವರು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಮೆಲ್ಲಗೆ ಮಾತಾಡಿದರು. “ನಮ್ ಕಾರ್ಖಾನೇಲೂ ಹಿಂಗೇ ಮುಂಚೆನೇ ಬರ್ದಿಡ್ತಿದ್ವಿ ಸಾರ್. ನಂಗೇನು ಗೊತ್ತಿಲ್ದೆ ಇರೋ ವಿಷ್ಯ ಅಲ್ಲ. ಆದ್ರೆ ನಾವು ಬರೀತಿದ್ದಿದ್ದು ಮಿಷನ್ ಬಗ್ಗೆ.”

ಅವರೇ ಮುಂದುವರಿಸಿದರು.

“ಆ ಹುಡುಗಿ ಓದಿ ಹೇಳ್ತಿದ್ಲಾ, ಚೆನ್ನಾಗಿ ನಿದ್ದೆ ಮಾಡವ್ರೆ, ನಾಳೆ ಮನೆಗೆ ಕಳಿಸ್ಬಹುದು ಅಂತ. ಮಣ್ಣು ಮಾಡಿ ಬಂದು ಎರಡು ದಿನ ಆಗಿತ್ತು ಸಾರ್. ಆದ್ರೂ ಒಂದು ಗಳಿಗೆ ನಂಬ್ಬಿಟ್ಟೆ. ಎದ್ದು ಷರ್ಟ್ ಹಾಕ್ಕೊಳಕ್ಕೆ ಹೋದೆ.”

ಇದನ್ನು ನಿನಗೆ ಬರೆಯಬಾರದು ಎಂದು ಸೀತಾ ಹೇಳಿದಳು. ಬರೆಯದಿದ್ದರೆ ನಾನೂ ಸಮಿತಿಯವರ ಹಾಗೆ ಆಗುತ್ತೇನೆ. ಇನ್ನೊಂದು ಮಾತಿದೆ, ಅದಕ್ಕಾಗಿ ಬರೆದೆ. ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರು ಇರುವ ಹಾಗಿಲ್ಲವೆಂದು ಅವರನ್ನು ಭಾನುವಾರ ರಾತ್ರಿ ಮನೆಗೆ ಕಳಿಸಿದ್ದರು. ಆ ಟಿಪ್ಪಣಿ ನೋಡಿದಂದಿನಿಂದ ಅವರ ತಲೆಯಲ್ಲಿ ಇರುವುದು ಒಂದೇ: ಆರೂವರೆಗೆ ನೋಡದೆ ಬರೆದವರು ಐದು ಗಂಟೆಗೂ ನೋಡಿರಲಾರರು, ಹೆಂಡತಿ ಯಾರೂ ಇಲ್ಲದೆ ಒಬ್ಬಳೇ ಹೋದಳು.

ನಾನು ನೀಲಗಂಗಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಚಪ್ಪಲಿಯ ವಿಷಯ, ಕೈ ಹಿಡಿದು ಕೂತ ವಿಷಯ. ಅವರು ಪೂರ್ತಿ ಕೇಳಿದರು. ಕೊನೆಗೆ, “ನೀವು ತಂದೆ. ನೀವು ಹಂಗೇ ಹೇಳ್ತೀರ, ತಪ್ಪಲ್ಲ” ಎಂದರು. ನಾನು ಏಳುವಾಗ ಗೇಟಿನವರೆಗೆ ಬಂದು, “ಹದಿನೇಳಕ್ಕೆ ನನ್ನೂ ಕರೆದವ್ರೆ. ಆ ಯಮ್ಮ ಎಲ್ಲಾರ ಮುಂದೆ ನಿಂತ್ಕೊಂಡು ಹೇಳ್ಲಿ ಸಾರ್. ಅವಾಗ ನಂಬ್ತೀನಿ” ಎಂದರು.

ಆ ಹಾಳೆಗೆ ನೀನು ರುಜು ಹಾಕಿದರೆ ವಿಚಾರಣೆ ಅಲ್ಲಿಗೇ ಮುಗಿಯುತ್ತದೆ. ಆರು ತಿಂಗಳು ಹೆಚ್ಚು ಓದಿಸಿ ನಿನ್ನನ್ನು ಬಿಡುತ್ತಾರೆ. ಹಾಕದಿದ್ದರೆ ವೈದ್ಯಕೀಯ ಪರಿಷತ್ತಿಗೆ ಬರೆಯುತ್ತೇವೆ, ನೋಂದಣಿಯೇ ಹೋಗಬಹುದು ಎಂದು ಹೆದರಿಸಿದ್ದಾರೆ. ಹೋಗಲೂಬಹುದು, ನಾನು ನಿನಗೆ ಸುಳ್ಳು ಧೈರ್ಯ ಹೇಳುವುದಿಲ್ಲ. ನಿನ್ನ ಹನ್ನೊಂದು ವರ್ಷದ ಓದು ಅದು. ಆದರೆ ರುಜು ಹಾಕಿದರೆ ಮುನಿರಾಮಯ್ಯನವರು ಬದುಕಿರುವಷ್ಟು ದಿನ ಹೆಂಡತಿ ಒಬ್ಬಳೇ ಸತ್ತಳೆಂದು ನಂಬುತ್ತಾರೆ. ಮುಂದಿನ ಹಬ್ಬದ ಮೇಲೆ ರಾಗಿಣಿ ರಜೆ ತೀರಿಸುತ್ತಾಳೆ.

ಈಗ ಅಂಜಿನಯ್ಯನ ವಿಷಯ. ಇಪ್ಪತ್ತೇಳನೇ ತಾರೀಖು ಮಧ್ಯಾಹ್ನ ಫೋನು ಮಾಡಿ ನೀನು ಹೇಳಿದ್ದು ಒಂದೇ ವಾಕ್ಯ: “ಅಪ್ಪಾ, ನಾನೂ ಅಂಜಿನಯ್ಯ ಆಗ್ಬಿಟ್ಟೆ.” ನಾನು, ‘ಏನಾಯ್ತು, ವಿವರವಾಗಿ ಹೇಳು’ ಎಂದೆ. ನೀನು ಫೋನು ಇಟ್ಟೆ.

ನೀನು ಎರಡನೇ ಕ್ಲಾಸಿನಲ್ಲಿ ಇದ್ದಾಗಿನಿಂದ ಆ ಕಥೆಯನ್ನು ನಿನಗೆ ಹೇಳುತ್ತಾ ಬಂದೆ. ರಾಜಾಜಿನಗರದ ಒಂದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. 1996, ಮಾರ್ಚ್. ಬಾಯ್ಲರ್ ನೋಡಿಕೊಳ್ಳುವ ಅಂಜಿನಯ್ಯ ಪ್ರತಿ ಗಂಟೆಗೊಮ್ಮೆ ಒತ್ತಡ ಎಷ್ಟಿದೆಯೆಂದು ಪುಸ್ತಕದಲ್ಲಿ ಬರೆಯಬೇಕು. ನಾನು ತಪಾಸಣೆಗೆ ಹೋದಾಗ ಗಂಟೆ ಹನ್ನೊಂದು. ಪುಸ್ತಕದಲ್ಲಿ ಸಂಜೆ ಐದರವರೆಗೆ ಬರೆದಾಗಿತ್ತು. ಒಂದೇ ಶಾಯಿ, ಒಂದೇ ಕೈ, ಒಂದೇ ಅಂಕಿ. ಹಿಡಿದೆ. ವರದಿ ಬರೆದೆ. ಅವನ ಕೆಲಸ ಹೋಯಿತು. ಬರೆದದ್ದು ನಿಜವಾಗಿರಬೇಕು ಪುಟ್ಟಿ, ಅಂಜಿನಯ್ಯನ ಹಾಗೆ ಆಗಬಾರದು ಎಂದು ಕಥೆ ಮುಗಿಸುತ್ತಿದ್ದೆ. ನೀನು ಹೋಮ್‌ವರ್ಕಿಗೆ ಹಿಂದಿನ ತಾರೀಖು ಹಾಕಿದಾಗಲೆಲ್ಲ ನಿನ್ನಮ್ಮ ‘ಅಂಜಿನಯ್ಯ’ ಎಂದು ರೇಗಿಸುತ್ತಿದ್ದಳು.

ಆ ಕಥೆಯಲ್ಲಿ ನಾನು ನಿನಗೆ ಹೇಳದೆ ಬಿಟ್ಟ ಒಂದು ಮಾತಿದೆ. ಪುಸ್ತಕವನ್ನು ನಾನು ಕಂಕುಳಲ್ಲಿ ಇಟ್ಟುಕೊಂಡು ಹೊರಟಾಗ ಅವನು ಹಿಂದೆಯೇ ಬಂದು, “ಸ್ವಾಮೀ, ನಿನ್ನೆ ಬೆಳಗ್ಗೆ ಬಂದೋನು, ಇನ್ನೂ ಮನೆ ಮುಖ ನೋಡಿಲ್ಲ. ಯುಗಾದಿ ಹಬ್ಬಕ್ಕೆ ಊರಿಗೆ ಹೋಗಿದ್ನಲ್ಲ, ಅದಕ್ಕೆ ಎರಡು ಪಾಳಿ ಹೆಚ್ಚಿಗೆ ಹಾಕವ್ರೆ” ಎಂದ. ಕೇಳಿಸಿಕೊಂಡೆ. ವರದಿಯಲ್ಲಿ ಕೆಲಸದ ಗಂಟೆಗಳಿಗೆ ಒಂದು ಕಲಮು ಇತ್ತು. ಮಾಲೀಕ ತೋರಿಸಿದ ಹಾಜರಿ ಪುಸ್ತಕದಲ್ಲಿ ಎಂಟು ಗಂಟೆ ಎಂದಿತ್ತು, ಅದನ್ನೇ ತುಂಬಿದೆ. ಅವನ ಮಾತನ್ನು ಎಲ್ಲೂ ಬರೆಯಲಿಲ್ಲ. ಬರೆದಿದ್ದರೆ ವರದಿ ಉದ್ದವಾಗುತ್ತಿತ್ತು. ಆ ಸಾಲಿನ ಅತ್ಯುತ್ತಮ ತಪಾಸಣಾ ವರದಿ ಎಂದು ಮೇಲಧಿಕಾರಿಗಳು ನನ್ನ ಬೆನ್ನು ತಟ್ಟಿದರು. ಅಂಜಿನಯ್ಯ ಆಮೇಲೆ ಏನಾದ ಎಂದು ನಾನು ವಿಚಾರಿಸಲೇ ಇಲ್ಲ. ಎಲ್ಲವನ್ನೂ ತಾರೀಖು ಸಮೇತ ನೆನಪಿಟ್ಟುಕೊಳ್ಳುವ ನಾನು ಅವನ ಊರು ಯಾವುದೆಂದೂ ಕೇಳಿರಲಿಲ್ಲ.

ಆದ್ದರಿಂದ ನೀನು ಅಂಜಿನಯ್ಯ ಆದದ್ದಕ್ಕೆ ನಾಚಬೇಡ. ನಾನು ಏನಾಗಿದ್ದೆ ಎನ್ನುವುದಕ್ಕೆ ನಾನು ನಾಚಬೇಕು. ಶಶಿಕುಮಾರರು ಇಂದು ಯಾವ ಕುರ್ಚಿಯಲ್ಲಿ ಕೂತಿದ್ದಾರೋ ಆ ಕುರ್ಚಿ ನನಗೆ ಹೊಸದಲ್ಲ.

ನೀನು ಮಾಡಿದ್ದು ತಪ್ಪೇ. ಅದನ್ನು ತಪ್ಪಲ್ಲ ಎಂದು ನಾನು ವಾದಿಸುವುದಿಲ್ಲ. ಹದಿನೇಳನೇ ತಾರೀಖು ಸೋಮವಾರ ಹನ್ನೊಂದು ಗಂಟೆಗೆ ಅಲ್ಲಿ ಹೋಗಿ ಮೊದಲು ಅದನ್ನೇ ಹೇಳು. ಹೌದು, ಮುಂಚೆಯೇ ಬರೆದೆ, ಹೊಡೆದು ಹಾಕಲು ಮರೆತೆ. ಆಮೇಲೆ ಮುನಿರಾಮಯ್ಯನವರ ಕಡೆ ತಿರುಗಿ ಆ ನಸುಕಿನಲ್ಲಿ ನಡೆದದ್ದನ್ನು ಹೇಳು. ಅವರಿಗೆ ಅಷ್ಟು ಸಾಕು. ಅವರು ನಂಬದಿದ್ದರೂ ಹೇಳು. ಅದಾದ ಮೇಲೆ ಸಮಿತಿಯನ್ನು ಕೇಳು: ತೊಂಬತ್ತಾರು ಗಂಟೆಯ ಡ್ಯೂಟಿ ಪಟ್ಟಿಗೆ ರುಜು ಹಾಕಿದ್ದು ಯಾರು? ಅದು ನಿಮ್ಮ ಹಾಳೆಯಲ್ಲಿ ಏಕಿಲ್ಲ? ಮೂವತ್ತೊಂದು ಟಿಪ್ಪಣಿಗಳು ಒಂದೇ ಗಂಟೆಯಲ್ಲಿ ಹೇಗೆ ಹುಟ್ಟುತ್ತವೆ ಎಂದು ದಿನಾ ಏಳೂವರೆಗೆ ಅವನ್ನು ಓದುವವರು ಒಮ್ಮೆಯಾದರೂ ಕೇಳಿದ್ದಾರೆಯೇ? ಉತ್ತರವನ್ನು ಕಾಗದದಲ್ಲಿ ಕೊಡಲಿ, ನೋಟಿಸ್ ಬೋರ್ಡಿನಲ್ಲಿ ಹಾಕಲಿ. ರಾಗಿಣಿ ತಾನೂ ಬಂದು ನಿಲ್ಲುತ್ತೇನೆ ಎಂದಿದ್ದಾಳೆ. ನೀಲಗಂಗಮ್ಮ ಏನೂ ಹೇಳಲಿಲ್ಲ. ಆದರೆ ಸೋಮವಾರ ಅವರಿಗೆ ವಾರದ ರಜೆಯಂತೆ. ಅದನ್ನು ಎರಡು ಸಲ ಹೇಳಿದರು.

ನಿನಗೆ ಆಗದಿದ್ದರೆ, ಆ ಹಾಳೆಗೆ ರುಜು ಹಾಕಿ ಮಲಗಿಬಿಡಬೇಕೆನ್ನಿಸಿದರೆ, ಹಾಗೇ ಮಾಡು. ಈ ಮನೆಯಲ್ಲಿ ನಿನ್ನನ್ನು ಯಾರೂ ಏನೂ ಕೇಳುವುದಿಲ್ಲ. ಬಾಗಿಲು ತೆಗೆಯುತ್ತೇವೆ. ನೀನು ಎಷ್ಟು ದಿನ ಬೇಕಾದರೂ ಮಲಗು. ಇದನ್ನು ಬರೆಯುವುದು ನನಗೆ ಎಷ್ಟು ಕಷ್ಟ ಎನ್ನುವುದು ನಿನಗೆ ಗೊತ್ತು. ಆದರೂ ಬರೆದಿದ್ದೇನೆ, ನಿಜವಾಗಿಯೇ ಬರೆದಿದ್ದೇನೆ.

ಸೀತಾ ಎಣ್ಣೆ ಬಟ್ಟಲು ಇನ್ನೂ ಬಚ್ಚಲ ಗೂಡಿನಲ್ಲೇ ಇಟ್ಟಿದ್ದಾಳೆ. ನಿನಗೆ ಒಳ್ಳೆಯ ನಿದ್ದೆ ಬರಲಿ, ಹಸಿವಾಗಲಿ. ಬೇರೆ ಏನನ್ನು ಹಾರೈಸಬೇಕೆಂದು ನನಗೆ ತಿಳಿಯುತ್ತಿಲ್ಲ.

ಇತಿ ನಿನ್ನ,
ಅಪ್ಪ

ಮರೆತ ಮಾತು: ಮರೆತದ್ದಲ್ಲ, ತಪ್ಪಿಸಿಕೊಂಡದ್ದು. ಬಲಿಪಾಡ್ಯಮಿಯ ಸಂಜೆ ನೀನು ನನ್ನ ಕೋಣೆಗೆ ಬಂದು ಬಾಗಿಲ ಹತ್ತಿರವೇ ನಿಂತು ಹೇಳಿದೆ: “ಅಪ್ಪಾ, ನಂಗೆ ಆಗ್ತಾ ಇಲ್ಲ. ಇನ್ನೆರಡೇ ದಿನ ಬೇಕು. ನಾನು ಕೇಳಿದ್ರೆ ಕೊಡಲ್ಲ. ನೀನು ಊರಿಗೆಲ್ಲ ಲೆಟರ್ ಬರೀತೀಯಲ್ಲ, ನಂಗೊಂದು ಬರ್ಕೊಡು. ನಿಂಗೆ ಹುಷಾರಿಲ್ಲ ಅಂತ.” ನಾನು ಕನ್ನಡಕ ಸಹ ತೆಗೆಯದೆ, “ಸುಳ್ಳು ಬರೆಯಲ್ಲ ಪುಟ್ಟಿ. ಅಂಜಿನಯ್ಯನ ಕಥೆ ಮರ್ತುಹೋಯ್ತಾ?” ಎಂದೆ. ನೀನು ನಕ್ಕೆ. ಅದೇ ನಗು ಗುರುವಾರದ ರೌಂಡ್ಸಿನಲ್ಲೂ ನಕ್ಕಿರಬೇಕು. ಹೋಗಿ ಕೋಟು ಮಡಿಸಿದೆ. ನನಗೆ ಹುಷಾರಿಲ್ಲ ಎಂದು ಬರೆಯಬೇಕಾಗಿರಲಿಲ್ಲ. ನನ್ನ ಮಗಳಿಗೆ ಹುಷಾರಿಲ್ಲ, ಅವಳ ಕೈಲಿ ಆಗುತ್ತಿಲ್ಲ, ಎರಡು ದಿನ ಬಿಡಿ ಎಂದು ಬರೆಯಬಹುದಿತ್ತು. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರುತ್ತಿರಲಿಲ್ಲ. ಪೆನ್ನು ಕೈಯಲ್ಲೇ ಇತ್ತು, ಕಲ್ಯಾಣಮ್ಮನವರ ಗುಂಡಿಯ ಬಗ್ಗೆ ಬರೆಯುತ್ತಿದ್ದೆ. ಹದಿನೇಳಕ್ಕೆ ನಾನು ಆ ಕೋಣೆಯ ಹಿಂದಿನ ಸಾಲಿನಲ್ಲಿ ಕೂತಿರುತ್ತೇನೆ. ಅವರನ್ನೆಲ್ಲ ಕೇಳಿ ಮುಗಿಸಿದ ಮೇಲೆ ನನ್ನನ್ನೂ ಎಬ್ಬಿಸಿ ನಿಲ್ಲಿಸು. ಮುನಿರಾಮಯ್ಯನವರ ಎದುರಿನಲ್ಲಿ, ಎಲ್ಲರಿಗೂ ಕೇಳಿಸುವ ಹಾಗೆ ಕೇಳು: ಅಪ್ಪಾ, ಆ ಸಂಜೆ ನಿಜ ಬರೆಯಲು ನಿನಗೇನು ಅಡ್ಡಬಂತು? ಉತ್ತರ ಹೇಳುವವರೆಗೆ ನನ್ನನ್ನು ಕೂರಲು ಬಿಡಬೇಡ.